ಫೋಟೋದ ಕಡೆ

ಮದುವೆಯ ಫೋಟೋ ತೆಗೆಯುವವರಲ್ಲಿ ಎರಡು ಬಗೆ ಎಂದು ನಗು ಮೇಷ್ಟ್ರು ಹೇಳುತ್ತಿದ್ದರು. ಕಂಡದ್ದನ್ನು ತೆಗೆಯುವವರು ಒಂದು ಬಗೆ, ಕಾಣಬೇಕಾದದ್ದನ್ನು ತೆಗೆಯುವವರು ಇನ್ನೊಂದು. ಮೊದಲನೆಯವರನ್ನು ಅವರು ಫೋಟೋಗ್ರಾಫರ್ ಎಂದು ಕರೆಯಲೂ ಒಪ್ಪುತ್ತಿರಲಿಲ್ಲ. ಅಪಘಾತ ನಡೆದ ಜಾಗಕ್ಕೆ ಪೊಲೀಸರು ಕರೆದುಕೊಂಡು ಹೋಗುತ್ತಾರಲ್ಲ, ಅಂಥವರು ಎಂದು ಕೈಬೀಸಿ ತಳ್ಳಿಹಾಕುತ್ತಿದ್ದರು. ತಾವು ಎರಡನೆಯ ಸಾಲಿಗೆ ಸೇರಿದವರೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಲವತ್ತೆರಡು ವರ್ಷ ಕಂಡವರ ಮದುವೆಗಳಲ್ಲಿ ಬೆವರು ಸುರಿಸಿ, ಕಣ್ಣು ಮಂಜಾದ ಮೇಲೆ ಕ್ಯಾಮೆರಾವನ್ನು ಮಗಳ ಕೈಗೆ ಒಪ್ಪಿಸಿ ಏಳು ವರ್ಷವಾಗಿತ್ತು. ಆದರೂ ಸ್ಟುಡಿಯೋದ ಒಳಕೋಣೆಯಲ್ಲಿ, ಕಿಟಕಿಯ ಪಕ್ಕದ ತಮ್ಮ ಹಳೆಯ ಮೇಜಿನ ಮುಂದೆ ಕುಳಿತು, ಬಂದವರಿಗೆಲ್ಲ ಈ ಮಾತನ್ನು ಒಪ್ಪಿಸುವ ಅಭ್ಯಾಸವನ್ನು ಮಾತ್ರ ಅವರು ಯಾರಿಗೂ ಒಪ್ಪಿಸಿರಲಿಲ್ಲ.

ಮೇಷ್ಟ್ರು ಎಂದು ಹೆಸರು ಬಿದ್ದಿದ್ದರೂ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗುಂಪು ಫೋಟೋದಲ್ಲಿ ಒಬ್ಬನೇ ಒಬ್ಬ ಮುಖ ಗಂಟು ಹಾಕಿಕೊಂಡು ನಿಂತಿದ್ದರೂ, ಅವನು ಹಲ್ಲು ಕಾಣಿಸುವವರೆಗೆ ಎರಡೂ ಕಡೆಯ ಬಂಧುಬಳಗವನ್ನು ಬಿಸಿಲಿನಲ್ಲಿ ನಿಲ್ಲಿಸಿಬಿಡುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ನಿಂತವರು ಸಿಟ್ಟಿನಿಂದ ಇಟ್ಟ ಹೆಸರು ಮುಂದೆ ಪ್ರೀತಿಯದಾಯಿತು.

ಅವರ ನಿಜವಾದ ಹೆಮ್ಮೆ ಇದ್ದದ್ದು ಕ್ಯಾಮೆರಾದಲ್ಲಿ ಅಲ್ಲ, ಕೈಯಲ್ಲಿ. ಫಿಲಂ ಕಾಲದಲ್ಲಿ ಮುಖ ತಿದ್ದುವ ಕೆಲಸಕ್ಕೆ ಅವರದು ಎತ್ತಿದ ಕೈ. ಅಂಗೈಯಗಲದ ನೆಗೆಟಿವ್ ಅನ್ನು ಗಾಜಿನ ಮೇಲೆ ಹಾಸಿ, ಕೆಳಗಿನಿಂದ ಬೆಳಕು ಬಿಟ್ಟು, ಭೂತಗನ್ನಡಿಯಲ್ಲಿ ಕಣ್ಣಿಟ್ಟು ಕುಳಿತರೆಂದರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಮೊಡವೆ, ಮಚ್ಚೆ, ಅತ್ತ ಕಣ್ಣಿನ ಬಾವು, ಹಣೆಯ ಸುಕ್ಕು, ಯಾವುದೂ ಅವರ ಕೈ ದಾಟಿ ಆಲ್ಬಮ್ಮಿಗೆ ಬರುವಂತಿರಲಿಲ್ಲ. ಈಗ ಮಗಳು ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಅಪ್ಪ ಮೂರು ದಿನ ಬೆನ್ನು ಬಗ್ಗಿಸಿ ಮಾಡುತ್ತಿದ್ದುದನ್ನು ತಾನು ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಸುತ್ತೇನೆ ಎಂದು ಅವಳು ಆಗಾಗ ಕೆಣಕುವುದುಂಟು. ನೀನು ಮಾಡುವುದು ಇಸ್ತ್ರಿ, ನಾನು ಮಾಡುತ್ತಿದ್ದುದು ನೇಯ್ಗೆ ಎಂದು ಮೇಷ್ಟ್ರು ಮೂಗು ಮುರಿಯುತ್ತಿದ್ದರು.

ಒಂದು ಮಂಗಳವಾರ ಮಧ್ಯಾಹ್ನ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಸಮವಸ್ತ್ರದಲ್ಲೇ ಬಂದಳು. ವಯಸ್ಸು ಮೂವತ್ತನಾಲ್ಕು ಮೂವತ್ತೈದು. ಹೆಗಲಿನಿಂದ ಟಿಕೆಟ್ ಮೆಷಿನ್ ಇಳಿಬಿದ್ದಿತ್ತು, ಕಂಕುಳಲ್ಲಿ ಹಳೆಯ ಆಲ್ಬಂ ಇತ್ತು. ತನ್ನ ಬಸ್ಸು ಹೊರಡಲು ಇನ್ನು ಒಂದೂಕಾಲು ಗಂಟೆ ಇದೆಯೆಂದೂ, ಅಷ್ಟರೊಳಗೆ ಒಂದು ವಿಷಯ ಇತ್ಯರ್ಥವಾಗಬೇಕೆಂದೂ ಆಕೆ ಬಾಗಿಲಲ್ಲೇ ಹೇಳಿದಳು. ದಿನವಿಡೀ ಜನರನ್ನು ಒಳಗೆ ಸರಿಸಿ ಅಭ್ಯಾಸವಾದವರ ಗಟ್ಟಿ ಗಂಟಲು. ಮಗಳು ಅವಳನ್ನು ಒಳಕೋಣೆಗೆ ಕರೆತಂದು, ಫಿಲಂ ಕಾಲದ ಆಲ್ಬಂ ಬಂದಿದೆ, ಇದು ನಿಮ್ಮ ಇಲಾಖೆ ಎಂದು ಅಪ್ಪನಿಗೆ ಒಪ್ಪಿಸಿದಳು.

ಆಕೆ ಹೇಳಿದ್ದು ಇಷ್ಟು. ಹಿಂದಿನ ತಿಂಗಳು ಅವಳ ತಂದೆ ತೀರಿಕೊಂಡಿದ್ದರು. ಅವರ ಬೀರುವನ್ನು ಖಾಲಿ ಮಾಡುವಾಗ, ಬಟ್ಟೆಗಳ ಅಡಿಯಲ್ಲಿ ಈ ಆಲ್ಬಂ ಸಿಕ್ಕಿತು. ತಾಯಿ ಜ್ವರದಲ್ಲಿ ಸತ್ತಾಗ ಅವಳಿಗೆ ಐದು ವರ್ಷ. ಅಂದಿನಿಂದ ಆ ಮನೆಯಲ್ಲಿ ತಾಯಿಯ ಮಾತೂ ಇರಲಿಲ್ಲ, ಫೋಟೋವೂ ಇರಲಿಲ್ಲ. ತಂದೆ ಎರಡನ್ನೂ ಒಟ್ಟಿಗೆ ಬೀಗ ಹಾಕಿಟ್ಟಿದ್ದರು. ಅವಳಿಗೆ ತಾಯಿಯ ಮುಖ ನೆನಪಿಲ್ಲ, ದನಿಯೂ ಅಷ್ಟಕ್ಕಷ್ಟೆ. ಖಚಿತವಾಗಿ ನೆನಪಿದ್ದದ್ದು ಒಂದೇ: ಕೆನ್ನೆಯ ಮೇಲೆ ಒಂದು ಗುರುತು. ಉಬ್ಬಿದ, ನುಣುಪಾದ ಒಂದು ಗೆರೆ. ತಾಯಿಯ ತೋಳಿನ ಮೇಲೆ ಮಲಗಿ ಆ ಗೆರೆಯನ್ನು ಹೆಬ್ಬೆರಳಿನಿಂದ ತೀಡುತ್ತಾ ತೀಡುತ್ತಾ ಅವಳು ನಿದ್ದೆಹೋಗುತ್ತಿದ್ದಳು. ಮೂವತ್ತು ವರ್ಷ ಅದನ್ನು ಹೆಬ್ಬೆರಳಿನಲ್ಲೇ ಇಟ್ಟುಕೊಂಡು ಬಂದಿದ್ದಳು. ಈಗ ಆಲ್ಬಂ ತೆರೆದು ನೋಡಿದರೆ ಮದುಮಗಳ ಕೆನ್ನೆ ಬೆಣ್ಣೆಯ ಹಾಗಿದೆ. ಗೆರೆಯಿಲ್ಲ, ಗೀರಿಲ್ಲ. ಸೋದರತ್ತೆಯನ್ನು ಕೇಳಿದಳು. ಆ ಮುದುಕಿ ಕನ್ನಡಕ ಹಾಕಿಕೊಂಡು ಆಲ್ಬಮ್ಮಿನ ಮೇಲೆ ಬೆರಳಿಟ್ಟು, ಎಲ್ಲಿದೆ ತೋರಿಸು ನೋಡೋಣ ಎಂದಳು. ಐದು ವರ್ಷದ ಕೂಸಿಗೆ ಏನು ಗೊತ್ತಾಗುತ್ತೆ, ನಿನ್ನನ್ನು ಎತ್ತಿ ಆಡಿಸಿದವರು ನೂರು ಜನ, ಯಾರ ಕೆನ್ನೆಯೋ ಏನೋ ಎಂದು ಮಾತು ಮುಗಿಸಿದಳು.

"ಸಾರ್, ನನಗೆ ಅಮ್ಮ ಅಂದ್ರೆ ಅದೊಂದೇ," ಎಂದಳು ಕಂಡಕ್ಟರ್. "ಅದೂ ಯಾರದೋ ಕೆನ್ನೆ ಅಂತಾದ್ರೆ ನನ್ನ ಹತ್ರ ಏನೂ ಉಳಿಯಲ್ಲ. ಇತ್ತಾ, ಇರಲಿಲ್ವಾ? ಅಷ್ಟು ಹೇಳಿ, ಸಾಕು."

ಮೇಷ್ಟ್ರು ಆಲ್ಬಂ ತಿರುವಿದರು. ಕೊನೆಯ ಪುಟದಲ್ಲಿ ತಮ್ಮದೇ ಮೊಹರು, ಕೆಳಗೆ ತಮ್ಮದೇ ಅಕ್ಷರದ ನಂಬರು. ಮದುವೆಯಾಗಿ ಮೂವತ್ತಾರು ವರ್ಷ. ಮದುಮಗಳು ಮಾತ್ರ ಅವರಿಗೆ ಕಿಂಚಿತ್ತೂ ನೆನಪಾಗಲಿಲ್ಲ. ಆದರೂ ಬಾಯಿ ತನ್ನ ಹಳೆಯ ರೂಢಿಯಂತೆ, ಮರೆಯೋದುಂಟೇನಮ್ಮ, ಚೆನ್ನಾಗಿ ನೆನಪಿದೆ ಎಂದುಬಿಟ್ಟಿತು. ಫೋಟೋ ತಿದ್ದಿರುವ ಸಾಧ್ಯತೆಯನ್ನು ಅವರೇ ಎತ್ತಿದರು, ಎತ್ತಿದ್ದಷ್ಟೇ ಅಲ್ಲ, ಅದರಲ್ಲಿ ಒಂದಿಷ್ಟು ಬೀಗಿದರು ಕೂಡ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು, ಕಪ್ಪು ಕಲೆ ಅಲ್ಲಿ ಬಿಳಿಯಾಗಿ ಕಾಣುತ್ತದೆ, ಆ ಬಿಳಿಯನ್ನು ಚೂಪಾದ ಸೀಸದ ಕಡ್ಡಿಯಿಂದ ಸೂಕ್ಷ್ಮವಾಗಿ ತುಂಬಿಬಿಟ್ಟರೆ ಕಲೆ ಮಾಯ ಎಂದು ವಿವರಿಸಿದರು. ತುಂಬಿದ್ದನ್ನು ಅಳಿಸುವುದು ಇನ್ನೂ ಸುಲಭ. ಹತ್ತಿಯಲ್ಲಿ ನಾಲ್ಕು ಹನಿ ಸ್ಪಿರಿಟ್ ಸಾಕು.

"ಯೋಚನೆ ಮಾಡಬೇಡ ತಾಯಿ. ಎರಡು ನಿಮಿಷದಲ್ಲಿ ನಿಮ್ಮಮ್ಮನ ಮುಖ ಹೇಗಿತ್ತೋ ಹಾಗೇ ನಿನ್ನ ಕೈಗೆ ಕೊಡ್ತೀನಿ."

ಮಾತು ಕೊಟ್ಟವರೇ ಹುಮ್ಮಸ್ಸಿನಿಂದ ಎದ್ದರು. ಗೋಡೆಯುದ್ದಕ್ಕೂ ಜೋಡಿಸಿದ್ದ ತಗಡಿನ ಪೆಟ್ಟಿಗೆಗಳಲ್ಲಿ ನಂಬರು ಹುಡುಕಿ, ಹಳದಿಗಟ್ಟಿದ ಲಕೋಟೆಯೊಂದನ್ನು ಎಳೆದರು. ಇವತ್ತು ನಮ್ಮಪ್ಪನನ್ನು ಹಿಡಿಯುವವರಿಲ್ಲ ಎಂದು ಮಗಳು ನಕ್ಕು, ತಾನೂ ಒಂದು ಸ್ಟೂಲು ಎಳೆದುಕೊಂಡು ಕುಳಿತಳು. ಮದುವೆಯ ಉಳಿದ ಚಿತ್ರಗಳೆಲ್ಲ ಸಣ್ಣ ಫಿಲಂನಲ್ಲಿದ್ದವು. ಅವುಗಳಲ್ಲಿ ಮದುಮಗಳು ತಪ್ಪದೆ ಒಂದೇ ದಿಕ್ಕಿಗೆ ಮುಖ ತಿರುಗಿಸಿದ್ದಳು, ಎಡಗೆನ್ನೆಯಷ್ಟೇ ಕಾಣುತ್ತಿತ್ತು. ನೇರ ಮುಖದ್ದು ಒಂದೇ ಒಂದು, ಅಂಗೈಯಗಲದ ದೊಡ್ಡ ಫಿಲಂನಲ್ಲಿ. ಅದನ್ನು ಬೆಳಕಿನ ಗಾಜಿನ ಮೇಲಿಟ್ಟು, ನಡುಗುವ ಬಲಗೈಯನ್ನು ಎಡಗೈಯಿಂದ ಆನಿಸಿ ಹಿಡಿದು, ಮೇಷ್ಟ್ರು ಸ್ಪಿರಿಟ್ಟಿನ ಹತ್ತಿಯನ್ನು ಮೆತ್ತಗೆ ಆಡಿಸಿದರು. ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ನೋಡಿದೆಯಾ, ಬಂತು ಎಂದರು. ಮಗಳು ನೆಗೆಟಿವ್ ಅನ್ನು ಸ್ಕ್ಯಾನರಿಗೆ ಹಾಕಿದಳು. ಮೂವರೂ ಪರದೆಯ ಮುಂದೆ ತಲೆ ಸೇರಿಸಿದರು.

ಮುಖ ಮೂಡಿತು. ಆಲ್ಬಮ್ಮಿನ ಮುಖವಲ್ಲ ಅದು. ಕಣ್ಣುಗಳ ಕೆಳಗೆ ದಟ್ಟವಾದ ಕಪ್ಪು ವರ್ತುಲಗಳು ಎದ್ದು ಬಂದಿದ್ದವು. ಹುಬ್ಬುಗಳ ನಡುವೆ ಸಣ್ಣದೊಂದು ಮಡಿಕೆಯಿತ್ತು. ನಗುತ್ತಿದ್ದ ತುಟಿಗೂ ಆ ಕಣ್ಣುಗಳಿಗೂ ಸಂಬಂಧವೇ ಇರಲಿಲ್ಲ.

"ಅಮ್ಮ ನಿದ್ದೆ ಮಾಡಿರಲಿಲ್ಲ," ಎಂದಳು ಕಂಡಕ್ಟರ್, ತನಗೆ ತಾನೇ ಹೇಳಿಕೊಂಡಂತೆ.

ಆದರೆ ಕೆನ್ನೆ? ಎಡಗೆನ್ನೆ ನಯವಾಗಿತ್ತು. ಬಲಗೆನ್ನೆಯೂ ನಯವಾಗಿತ್ತು. ಮಗಳು ಚಿತ್ರವನ್ನು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು, ಕಾಳುಕಾಳಾಗಿ ಒಡೆಯುವಷ್ಟು ಹಿಗ್ಗಿಸಿದಳು. ಗೆರೆಯೆಂಬುದರ ಸುಳಿವೇ ಇರಲಿಲ್ಲ. ಕಂಡಕ್ಟರ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿಕೊಂಡು, ಹಾಗಾದರೆ ಅತ್ತೆ ಹೇಳಿದ್ದೇ ಸರಿ ಎಂದಳು. ಇನ್ನೊಮ್ಮೆ ಒರೆಸಿ ನೋಡುತ್ತೇನೆಂದು ಮೇಷ್ಟ್ರು ನೆಗೆಟಿವ್ ಅನ್ನು ತಮ್ಮ ಮೇಜಿಗೆ ಒಯ್ದರು.

ಅಲ್ಲಿ, ಕಿಟಕಿಯಿಂದ ಓರೆಯಾಗಿ ಬೀಳುತ್ತಿದ್ದ ಬಿಸಿಲಿಗೆ ಅದನ್ನು ವಾಲಿಸಿ ಹಿಡಿದವರು ಹತ್ತಿಯನ್ನು ಕೆಳಗಿಟ್ಟುಬಿಟ್ಟರು.

ಫಿಲಂನ ಹೊಳಪಿನ ನಡುವೆ, ಬಲಗೆನ್ನೆಯ ಜಾಗದಲ್ಲಿ, ಹೊಳಪಿಲ್ಲದ ಒಂದು ಸಣ್ಣ ಗೀಟು ಇತ್ತು. ಕಪ್ಪು ಕಲೆಗೆ ಸೀಸದ ಕಡ್ಡಿ ಸರಿ. ಆದರೆ ಹಳೆಯ ಗಾಯ ಮಾಗಿದ ಗುರುತು ಕಪ್ಪಗಿರುವುದಿಲ್ಲ, ಸುತ್ತಲಿನ ಚರ್ಮಕ್ಕಿಂತ ಬಿಳಿಚಿಕೊಂಡಿರುತ್ತದೆ. ನೆಗೆಟಿವ್‌ನಲ್ಲಿ ಅದು ಕಪ್ಪು ಗೆರೆ. ಆ ಕಪ್ಪನ್ನು ತುಂಬಿ ಮುಚ್ಚಲು ಬರುವುದಿಲ್ಲ. ಸಣ್ಣ ಚಾಕುವಿನ ಅಲಗಿನಿಂದ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಕೆರೆದು ತೆಗೆಯಬೇಕು. ಸೀಸದ ಕಡ್ಡಿಯ ಕೆಲಸಕ್ಕೆ ಹಿಂದಿರುಗುವ ದಾರಿಯಿದೆ. ಅಲಗು ತೆಗೆದದ್ದು ತೆಗೆದಂತೆ.

ಆಗ ಅವರಿಗೆ ನೆನಪಾಯಿತು. ಮದುಮಗಳಲ್ಲ, ಆ ಗೆರೆ. ಕಣ್ಣಿನ ಕೆಳಗಿನಿಂದ ಹೊರಟು ತುಟಿಯ ತುದಿಯ ಹತ್ತಿರ ಕೊಕ್ಕೆಯಂತೆ ಬಾಗುತ್ತಿದ್ದ ಗೆರೆ. ಆ ಬಾಗಿನಲ್ಲಿ ಅಲಗು ಜಾರದಂತೆ ಹಿಡಿಯಲು ಪಟ್ಟ ಪಾಡು ಬೆರಳುಗಳಿಗೆ ಇನ್ನೂ ಗೊತ್ತಿತ್ತು. ಎಷ್ಟು ಚೊಕ್ಕವಾಗಿ ಬಂದಿತ್ತೆಂದರೆ, ಬೇರೆ ಸ್ಟುಡಿಯೋದವರನ್ನು ಕರೆದು, ಎಲ್ಲಿ ಕೆರೆದಿದ್ದೇನೆ ಹೇಳಿ ನೋಡೋಣ ಎಂದು ಸವಾಲು ಹಾಕಿದ್ದರು. ಒಬ್ಬನೂ ಹೇಳಲಾರದೆ ಹೋದಾಗ ಒಂದು ವಾರ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಈ ಹೆಂಗಸು ತನ್ನ ಬಸ್ಸು ಹತ್ತಿ ಹೋಗುತ್ತಾಳೆ. ಎರಡು ನಿಮಿಷದಲ್ಲಿ ಕೊಡುತ್ತೇನೆಂದು ಕೊಚ್ಚಿಕೊಂಡದ್ದು ಒಂದು ತಪ್ಪು ಅಂದಾಜಾಗಿ ಮುಗಿಯುತ್ತದೆ. ಚಾಕುವಿನ ಕೆಲಸ ಮಗಳಿಗೂ ಗೊತ್ತಿಲ್ಲ. ನಲವತ್ತೆರಡು ವರ್ಷ ಸಂಪಾದಿಸಿದ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ.

ಕಂಡಕ್ಟರ್ ಆಲ್ಬಂ ಮುಚ್ಚಿದಳು. ತೊಂದರೆ ಕೊಟ್ಟೆ ಎಂದಳು. ಹೊರಡಲು ಎದ್ದವಳು, ಸೋತವರು ಸುಮ್ಮನೆ ಮಾತಿಗೆ ಮಾತು ಸೇರಿಸುವಂತೆ, ಚಿಕ್ಕಂದಿನ ತಲೆ ಏನೇನೋ ಕಟ್ಟಿಕೊಳ್ಳುತ್ತದೆ, ಕೆಲವು ಮಾತುಗಳಂತೂ ತಲೆಬುಡವಿಲ್ಲದೆ ಉಳಿದುಬಿಟ್ಟಿವೆ ಎಂದಳು. ಯಾರಾದರೂ ಮನೆಗೆ ಬಂದರೆ ಅಮ್ಮ ಬಲಗಡೆಯನ್ನು ಗೋಡೆಗೆ ಕೊಟ್ಟೇ ಕೂರುತ್ತಿದ್ದಳು. ಹೊರಗೆ ಹೊರಟರೆ ಇವಳನ್ನು ಬಲಸೊಂಟದ ಮೇಲೆಯೇ ಎತ್ತಿಕೊಳ್ಳುತ್ತಿದ್ದಳು. ಕೈ ಸೋತರೂ ಎಡಕ್ಕೆ ಬದಲಿಸುತ್ತಿರಲಿಲ್ಲ. ಯಾಕಮ್ಮ ಎಂದರೆ ಒಂದೇ ಉತ್ತರ.

"ಎಡಗಡೆ ನನ್ನ ಫೋಟೋದ ಕಡೆ ಕಣೇ, ಅದನ್ನ ಮರೆಮಾಡಬಾರದು ಅಂತಿದ್ಲು. ಗೋಡೆ ಮೇಲೆ ಒಂದು ಫೋಟೋನೂ ಇರಲಿಲ್ಲ, ಆದ್ರೂ ಫೋಟೋದ ಕಡೆ ಅಂತಿದ್ಲು. ಹಾಗಂದ್ರೆ ಏನು ಸಾರ್? ನಿಮ್ಮ ಕಸುಬಿನಲ್ಲಿ ಏನಾದ್ರೂ ಇದೆಯಾ?"

ಮಗಳು ಅಪ್ಪನ ಮುಖ ನೋಡಿದಳು. ಆ ಮಾತನ್ನು ಅವಳು ನೂರಾರು ಮದುವೆಗಳಲ್ಲಿ ಕೇಳಿದ್ದಳು. ಮದುಮಗಳ ಗಲ್ಲವನ್ನು ಎರಡು ಬೆರಳಿನಿಂದ ಅಷ್ಟಿಷ್ಟು ತಿರುಗಿಸಿ, ಒಂದು ಕೋನದಲ್ಲಿ ನಿಲ್ಲಿಸಿ, ಅಪ್ಪ ಎಲ್ಲರಿಗೂ ಹೇಳುತ್ತಿದ್ದ ಮಾತು ಅದು. ಹುಡುಗಿಯರು ನಾಚಿ ನಗುತ್ತಿದ್ದರು. ಆ ನಗುವಿಗಾಗಿಯೇ ಅಪ್ಪ ಅದನ್ನು ಹೇಳುತ್ತಿದ್ದರು.

"ಕೂತ್ಕೋ ತಾಯಿ," ಎಂದರು ಮೇಷ್ಟ್ರು. "ಅದು ನನ್ನ ಮಾತು. ಇದು ನಿನ್ನ ಫೋಟೋದ ಕಡೆ, ಜೀವನಪೂರ್ತಿ ಜ್ಞಾಪಕ ಇಟ್ಕೋ ಅಂತ ನಾನೇ ಹೇಳಿದ್ದು."

"ನಮ್ಮಮ್ಮನಿಗಾ?"

"ಎಲ್ಲರಿಗೂ ಹೇಳ್ತಿದ್ದೆ."

ಆಕೆ ಆಲ್ಬಮ್ಮನ್ನು ಮೇಜಿನ ಮೇಲಿಟ್ಟು ಕುಳಿತಳು. ಆಮೇಲೆ, "ಎಲ್ಲರೂ ಜ್ಞಾಪಕ ಇಟ್ಟುಕೊಂಡಿರಲ್ಲ ಸಾರ್," ಎಂದಳು. "ನಮ್ಮಮ್ಮ ಇಟ್ಟುಕೊಂಡ್ಲು."

ಮೇಷ್ಟ್ರು ಉಳಿದದ್ದನ್ನೂ ಹೇಳಿದರು. ಗುರುತು ಇತ್ತು ಎಂದರು. ಬಲಗೆನ್ನೆಯಲ್ಲಿ, ಇಂಥ ಜಾಗದಿಂದ ಇಂಥ ಜಾಗದವರೆಗೆ ಎಂದರು. ಅದನ್ನು ಮರೆಸಲು ಎಲ್ಲ ಚಿತ್ರಗಳಲ್ಲೂ ಮುಖ ತಿರುಗಿಸಿ ನಿಲ್ಲಿಸಿದವರು ತಾವು. ನೇರ ಮುಖದ ಒಂದರಲ್ಲಿ ಅದನ್ನು ಚಾಕುವಿನಿಂದ ಕೆರೆದು ತೆಗೆದವರು ತಾವು. ಮನೆಯವರಾರೂ ಕೇಳಿರಲಿಲ್ಲ, ಮದುಮಗಳೂ ಕೇಳಿರಲಿಲ್ಲ. ಇನ್ನು ಯಾವ ಔಷಧಿ ಹಾಕಿದರೂ ಅದು ಬರುವುದಿಲ್ಲ ಎಂದೂ, ಹತ್ತಿ ಹಿಡಿದು ಮೆರೆದಾಗ ತಮಗೆ ಅದು ಗೊತ್ತಿರಲಿಲ್ಲ, ಆಮೇಲೆ ಗೊತ್ತಾದರೂ ಸುಮ್ಮನಿದ್ದುದಾಗಿಯೂ, ತಲೆ ಎತ್ತದೆ ಹೇಳಿ ಮುಗಿಸಿದರು. ನೆನಪಿದೆ ಎಂದದ್ದು ಕೂಡ ಸುಳ್ಳೆಂದು ಒಪ್ಪಿಕೊಂಡರು. ನಂತರ ನೆಗೆಟಿವ್ ಅನ್ನು ಅವಳ ಕೈಗೆ ಕೊಟ್ಟು, ಬಿಸಿಲಿಗೆ ಹೇಗೆ ವಾಲಿಸಬೇಕೆಂದು ತೋರಿಸಿದರು.

ಅವಳಿಗೆ ಮೊದಲು ಕಾಣಲಿಲ್ಲ. ಹೊಳಪು ಅತ್ತಿತ್ತ ಜಾರುತ್ತಿತ್ತು. ಒಮ್ಮೆ ಬೆಳಕು ನಿಂತಿತು, ಗೀಟು ಕಂಡಿತು. ಒಳ್ಳೆಯ ಕೈಯ ಕೆಲಸವಾದ್ದರಿಂದ ಅಲಗು ಗುರುತಿನ ಅಂಚನ್ನು ಒಂದಿಷ್ಟೂ ಮೀರಿರಲಿಲ್ಲ. ತೆಗೆದ ಗೆರೆಯ ಉದ್ದ, ದಪ್ಪ, ಕೊನೆಯ ಬಾಗು ಎಲ್ಲವೂ ಕೆರೆದ ಜಾಗದಲ್ಲಿ ಹಾಗೆಯೇ ಕೂತಿದ್ದವು. ಅವಳು ಹೆಬ್ಬೆರಳನ್ನು ಗಾಳಿಯಲ್ಲಿ, ನೆಗೆಟಿವ್‌ನಿಂದ ಒಂದು ಗೇಣು ದೂರದಲ್ಲಿ, ಮೇಲಿನಿಂದ ಕೆಳಕ್ಕೆ ಎಳೆದಳು. ಕೊನೆಯಲ್ಲಿ ಬೆರಳು ತಾನಾಗಿಯೇ ಒಳಕ್ಕೆ ಬಾಗಿತು.

"ಇಲ್ಲಿ ತಿರುಗ್ತಿತ್ತು," ಎಂದಳು. "ಇಲ್ಲಿಗೆ ಬರೋ ಹೊತ್ತಿಗೆ ನನಗೆ ನಿದ್ದೆ ಬಂದಿರೋದು."

ಅತ್ತಳು. ಗಟ್ಟಿಯಾಗಿ ಅಲ್ಲ, ಟಿಕೆಟ್ ಮೆಷಿನ್ ಎದೆಗೆ ಬಡಿಯದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ತಗ್ಗಿ ಅತ್ತಳು. ಮೇಷ್ಟ್ರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಳುವವರನ್ನು ನಗಿಸುವುದಷ್ಟೇ ಅವರಿಗೆ ಗೊತ್ತಿದ್ದ ವಿದ್ಯೆ.

ಮಗಳು ತಡೆಯಲಾರದೆ, ಆ ಗೆರೆಯನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಕೆನ್ನೆಯ ಮೇಲೆ ಮತ್ತೆ ಮೂಡಿಸಿಕೊಡುತ್ತೇನೆ, ಐದು ನಿಮಿಷದ ಕೆಲಸ ಎಂದಳು.

"ಬೇಡ ಅಕ್ಕ. ನೀವು ಹಾಕಿದ್ದು ನಿಮ್ಮದಾಗುತ್ತೆ."

ಕಣ್ಣೊರೆಸಿಕೊಂಡು ಆಕೆ ಮೇಷ್ಟ್ರ ಕಡೆ ತಿರುಗಿದಳು. ಕೋಪವಿದ್ದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ದಿನ ಮುಖ ತಿರುಗಿಸಿಕೋ ಎಂದಾಗ ಅಮ್ಮ ಏನೆಂದಳು ಎಂದು ಕೇಳಿದಳು. ಒಂದು ಕ್ಷಣ ಅವರ ಮನಸ್ಸು ಕಸುಬಿನ ದಾರಿ ಹಿಡಿಯಿತು. ನಕ್ಕಳು ತಾಯಿ, ನಾಚಿಕೊಂಡು ನಕ್ಕಳು ಎನ್ನಬಹುದಿತ್ತು. ಕೇಳುವವಳಿಗೆ ಹಿತವಾದ, ಹೇಳುವವರಿಗೆ ಅಗ್ಗವಾದ ಮಾತು. ನಲವತ್ತೆರಡು ವರ್ಷ ಅವರು ಮಾಡಿದ್ದು ಅದನ್ನೇ.

"ಗೊತ್ತಿಲ್ಲಮ್ಮ," ಎಂದರು. "ನಾನು ಕೆನ್ನೆ ನೋಡ್ತಿದ್ದೆ. ಅವಳನ್ನ ನೋಡಲಿಲ್ಲ."

ಆಕೆ ತಲೆಯಾಡಿಸಿದಳು. ಒಪ್ಪಿಗೆಯೋ, ಸುಮ್ಮನೆ ಕೇಳಿಸಿಕೊಂಡ ಗುರುತೋ ತಿಳಿಯಲಿಲ್ಲ. ನೆಗೆಟಿವ್ ಅನ್ನು ತನಗೆ ಕೊಡಬೇಕೆಂದಳು. ಮೇಷ್ಟ್ರು ಅದನ್ನು ಹೊಸ ಲಕೋಟೆಗೆ ಹಾಕಿಕೊಟ್ಟರು. ಆಲ್ಬಮ್ಮನ್ನು ಅವಳು ಮೇಜಿನ ಮೇಲೆಯೇ ಬಿಟ್ಟಿದ್ದಳು. ಮಗಳು ಅದನ್ನು ಎತ್ತಿ ಕೊಡಲು ಹೋದಾಗ, ಇಲ್ಲೇ ಇರಲಿ, ಅದು ನಿಮ್ಮ ಅಪ್ಪನವರದೇ ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಅವಳ ಬಸ್ಸಿಗೆ ಹೊತ್ತಾಗಿತ್ತು. ಹೊರಗೆ ಅವಳ ಬೂಟಿನ ಸದ್ದು ಮೆಟ್ಟಿಲಿಳಿದು, ಬೀದಿಯ ಗದ್ದಲದಲ್ಲಿ ಸೇರಿಹೋಯಿತು.

ಮಗಳು ಏನೋ ಸಮಾಧಾನ ಹೇಳಿದಳು. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಒಳ್ಳೆಯದಾಗಲೆಂದೇ ಮಾಡಿದ್ದಲ್ಲವೇ ಎಂದಳು. ಅವಳು ಅಂಗಡಿಯ ಮುಂಭಾಗಕ್ಕೆ ಹೋದ ಮೇಲೆ ಮೇಷ್ಟ್ರು ಎದ್ದು, ಪೆಟ್ಟಿಗೆಯೊಂದರ ಮುಚ್ಚಳ ತೆಗೆದು, ಕೈಗೆ ಸಿಕ್ಕ ಲಕೋಟೆಯಿಂದ ನೆಗೆಟಿವ್ ಹೊರಗೆಳೆದು ಕಿಟಕಿಗೆ ವಾಲಿಸಿ ಹಿಡಿದರು. ಒಬ್ಬಳ ಹಣೆಯ ಬಳಿ ಅಲಗಿನ ಗೀಟು. ಇನ್ನೊಬ್ಬಳ ಮೇಲ್ದುಟಿಯಲ್ಲಿ. ಮತ್ತೊಬ್ಬಳ ಕತ್ತಿನಲ್ಲಿ ಸುಟ್ಟ ಗಾಯವೇ ಇದ್ದಿರಬೇಕು, ಹೆಬ್ಬೆರಳಗಲ ಕೆರೆದಿತ್ತು. ತಾವು ಗಲ್ಲ ಹಿಡಿದು ತಿರುಗಿಸಿದ ಇವರೆಲ್ಲ ಈಗ ಎಲ್ಲಿದ್ದಾರೆ, ಯಾವ ಮನೆಯಲ್ಲಿ ಯಾವ ಗೋಡೆಗೆ ಯಾವ ಕೆನ್ನೆ ಕೊಟ್ಟು ಕುಳಿತಿದ್ದಾರೆ ಎಂದು ಯೋಚಿಸುತ್ತಾ ಮುಂದಿನ ಲಕೋಟೆಗೆ ಕೈ ಹಾಕಿದರು.

ಊಟಕ್ಕೆ ಮಗಳು ಎರಡು ಸಲ ಕರೆದಳು. ಮೂರನೆಯ ಸಲ ಬಂದು ಬಾಗಿಲಲ್ಲಿ ನಿಂತವಳು ಕರೆಯದೆ ಹಿಂದಿರುಗಿದಳು. ಬಿಸಿಲು ಕಿಟಕಿಯಿಂದ ಸರಿದಿತ್ತು. ಓರೆ ಬೆಳಕಿಲ್ಲದೆ ಗೀಟುಗಳು ಈಗ ಕಾಣುತ್ತಿರಲಿಲ್ಲ. ಯಾವುದನ್ನು ಎತ್ತಿ ಹಿಡಿದರೂ ನಯವಾದ, ಕುಂದಿಲ್ಲದ ಮುಖವೇ. ಆದರೂ ಮೇಷ್ಟ್ರು ಒಂದೊಂದಾಗಿ ಲಕೋಟೆ ಬಿಚ್ಚುತ್ತಲೇ ಇದ್ದರು.